ದಾಯಾದಿ ವೈರಸ್ಸುಗಳನ್ನು ಗುರುತಿಸುವ ಬಗೆ

೧೯೫೭ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ, ಅಂದಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿಗೆ ಸೇರಿದ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಮಂಗಗಳೂ ಸತ್ತು ಬೀಳುತ್ತಿವೆಯೆಂಬ ಸುದ್ದಿ ಹೊರಬಿದ್ದಿತು. ಅದೇ ಕಾಲದಲ್ಲಿ ಕಾಡಿನ ಅಂಚಿನ ಹಳ್ಳಿಗಳ ಜನರೂ ಜ್ವರದಿಂದ ಮಲಗಿದ್ದರು. ತೀವ್ರವಾದ ತಲೆನೋವು, ಮೈಕೈ ನೋವು, ಮಿತಿಮೀರಿದ ನಿಶ್ಶಕ್ತಿ; ಕೆಲವರಲ್ಲಿ ಮೂಗಿನಿಂದಲೂ ಒಸಡಿನಿಂದಲೂ ರಕ್ತಸ್ರಾವ. ಕಾಡಿನಲ್ಲಿ ಮಂಗಗಳ ಸಾವು, ಊರಿನಲ್ಲಿ ಮನುಷ್ಯರ ಜ್ವರ: ಈ ಜೋಡಿ ಲಕ್ಷಣವನ್ನು ಕೇಳಿದ ಕೂಡಲೇ ತಜ್ಞರ ಮನಸ್ಸಿಗೆ ಬಂದುದು ದಕ್ಷಿಣ ಅಮೆರಿಕದ ಪೀತಜ್ವರ. ಆ ಖಂಡದ ಕಾಡುಗಳಲ್ಲಿ ಮಂಗಗಳು ಸಾಯತೊಡಗಿದರೆ ಪೀತಜ್ವರವು ಸಮೀಪಿಸಿತೆಂದೇ ಜನ ತಿಳಿಯುತ್ತಾರೆ. ಭಾರತಕ್ಕೆ ಆ ರೋಗವು ಎಂದೂ ಕಾಲಿಟ್ಟಿರಲಿಲ್ಲ. ಆದರೆ ಅದನ್ನು ಹರಡಬಲ್ಲ ಈಡಿಸ್ ಜಾತಿಯ ಸೊಳ್ಳೆ ಮಾತ್ರ ನಮ್ಮ ಊರೂರಿನ ನೀರಿನ ತೊಟ್ಟಿಗಳಲ್ಲಿ ಸಮೃದ್ಧವಾಗಿ ಬೆಳೆಯುತ್ತಿತ್ತು. ಹೀಗಿರಲು, ಬಂದಿರುವುದು ಪೀತಜ್ವರವೇ ಆಗಿದ್ದರೆ ಅದರ ಪರಿಣಾಮವು ಒಂದು ತಾಲ್ಲೂಕಿಗೆ ಸೀಮಿತವಾಗುತ್ತಿರಲಿಲ್ಲ.

ಪುಣೆಯಲ್ಲಿ ೧೯೫೨ರಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಸ್ಥಳಕ್ಕೆ ಧಾವಿಸಿದರು. ಟೆಲ್ಫರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಾಪಿಡೊ ಅವರೂ ಅವರ ಭಾರತೀಯ ಸಹೋದ್ಯೋಗಿಗಳೂ ಸತ್ತ ಮಂಗಗಳಿಂದ ಮತ್ತು ರೋಗಿಗಳ ರಕ್ತದಿಂದ ಒಂದು ವೈರಸ್ಸನ್ನು ಬೇರ್ಪಡಿಸಿದರು. ಪರೀಕ್ಷೆಯಿಂದ ತಿಳಿದುಬಂದುದೇನೆಂದರೆ, ಅದು ಪೀತಜ್ವರದ ವೈರಸ್ಸಲ್ಲ. ಆದರೆ ಅದರ ದೂರದ ಬಂಧು. ಅದರ ಹತ್ತಿರದ ಬಂಧುಗಳಾದರೋ ಸಾವಿರಾರು ಮೈಲಿಗಳಾಚೆ ರಷ್ಯದ ಅರಣ್ಯಗಳಲ್ಲಿದ್ದ ವಸಂತ-ಗ್ರೀಷ್ಮ ಮಿದುಳುಜ್ವರದ ವೈರಸ್ಸು ಮತ್ತು ಓಮ್ಸ್ಕ್ ರಕ್ತಸ್ರಾವ ಜ್ವರದ ವೈರಸ್ಸು. ಅವನ್ನು ಹರಡುವುದು ಸೊಳ್ಳೆಯಲ್ಲ, ಉಣ್ಣೆ. ನಮ್ಮ ಮಲೆನಾಡಿನವರ ಮಾತಿನಲ್ಲಿ ಉಣುಗು. ವೈರಸ್ಸಿನ ಹೆಸರು ಬದಲಾದೊಡನೆ ಮಾಡಬೇಕಾದ ಕೆಲಸವೂ ಬದಲಾಯಿತು. ಸೊಳ್ಳೆಯ ಬೆನ್ನು ಹತ್ತುವುದಕ್ಕೆ ಬದಲಾಗಿ ಕಾಡಿನ ತರಗೆಲೆಗಳಲ್ಲಿ ಉಣುಗನ್ನು ಹುಡುಕಬೇಕಾಯಿತು.

ಈ ಪ್ರಸಂಗದಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಒಂದೇ ಮನೆತನಕ್ಕೆ ಸೇರಿದ ವೈರಸ್ಸುಗಳಲ್ಲಿ ಇದು ಯಾವುದು ಎಂದು ನಿರ್ಧರಿಸುವುದು ಕೇವಲ ಪಂಡಿತರ ಕುತೂಹಲವಲ್ಲ. ಚಿಕಿತ್ಸೆ, ಲಸಿಕೆ, ಎಚ್ಚರಿಕೆ ಎಲ್ಲವೂ ಅದನ್ನು ಅವಲಂಬಿಸಿವೆ. ಅಂದು ವಾರಗಳನ್ನು ತೆಗೆದುಕೊಳ್ಳುತ್ತಿದ್ದ ಈ ನಿರ್ಧಾರವು ಇಂದು ಕೆಲವೇ ಗಂಟೆಗಳಲ್ಲಿ ಸಾಧ್ಯವಾಗಿದೆ. ಅದು ಹೇಗೆ ಸಾಧ್ಯವಾಯಿತು, ಅದರ ಮಿತಿಗಳೇನು ಎಂಬುದನ್ನು ಈ ಲೇಖನದಲ್ಲಿ ನಾವು ಕ್ರಮವಾಗಿ ಪರಿಶೀಲಿಸೋಣ.

ಒಂದು ಮನೆತನದ ಪರಿಚಯ

ಪೀತಜ್ವರ, ಡೆಂಗಿ, ಜೀಕಾ, ಜಪಾನೀ ಮಿದುಳುಜ್ವರ, ಕ್ಯಾಸನೂರು ಕಾಡಿನ ರೋಗ (ನಮ್ಮ ಜನ ಮಂಗನ ಕಾಯಿಲೆ ಎನ್ನುವುದು ಇದನ್ನೇ) ಇವುಗಳ ವೈರಸ್ಸುಗಳೆಲ್ಲ ಒಂದೇ ಕುಲಕ್ಕೆ ಸೇರಿದುವು. ಈ ಕುಲಕ್ಕೆ ಫ್ಲೇವಿವೈರಸ್ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ 'ಫ್ಲೇವಸ್' ಎಂದರೆ ಹಳದಿ. ಪೀತಜ್ವರದ ವೈರಸ್ಸೇ ಕುಲದ ಹಿರಿಯನಾದುದರಿಂದ ಈ ಹೆಸರು ಬಂದಿತು.

ಇವುಗಳ ಒಂದೊಂದು ಕಣದ ವ್ಯಾಸವೂ ಸುಮಾರು ೫೦ ನ್ಯಾನೋಮೀಟರು. ಅಂದರೆ ಒಂದು ಮಿಲಿಮೀಟರಿನ ಉದ್ದಕ್ಕೆ ೨೦,೦೦೦ ಕಣಗಳನ್ನು ಸಾಲಾಗಿ ನಿಲ್ಲಿಸಬಹುದು. ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಇವು ಕಾಣುವುದಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರೂ ಎಲ್ಲವೂ ಒಂದೇ ಬಗೆಯ ಗುಂಡುಗಳಂತೆ ತೋರುತ್ತವೆ. ಆದುದರಿಂದ ಕಣ್ಣಿನಿಂದ ನೋಡಿ ಇದು ಡೆಂಗಿ, ಇದು ಜೀಕಾ ಎಂದು ಹೇಳುವ ಮಾತೇ ಇಲ್ಲ.

ಕಣದ ಹೊರಮೈಯಲ್ಲಿ ಹೊದಿಕೆಯ ಪ್ರೋಟೀನಿನ ೧೮೦ ಪ್ರತಿಗಳು ಹೆಂಚು ಹೊದಿಸಿದಂತೆ ಕ್ರಮವಾಗಿ ಜೋಡಿಸಲ್ಪಟ್ಟಿವೆ. ಒಳಗೆ ಆರ್.ಎನ್.ಎ. ಎಂಬ ನ್ಯೂಕ್ಲಿಯಿಕ್ ಆಮ್ಲದ ಒಂದೇ ಒಂದು ಎಳೆ. ಈ ಎಳೆಯೇ ವೈರಸ್ಸಿನ ಗ್ರಂಥ. ನಾಲ್ಕೇ ಅಕ್ಷರಗಳ ಲಿಪಿಯಲ್ಲಿ ಬರೆದಿರುವ ಈ ಗ್ರಂಥದ ಉದ್ದ ಸುಮಾರು ೧೧,೦೦೦ ಅಕ್ಷರಗಳು. ಇದು ಇಂತಹ ಪತ್ರಿಕೆಯ ಕೆಲವೇ ಪುಟಗಳಲ್ಲಿ ಮುದ್ರಿಸಿಬಿಡಬಹುದಾದಷ್ಟು ಚಿಕ್ಕದು.

ಬಂಧುತ್ವದ ಅಂತರಗಳು ಈ ಗ್ರಂಥದಲ್ಲಿಯೇ ದಾಖಲಾಗಿವೆ. ಡೆಂಗಿಯ ವೈರಸ್ಸು ಒಂದಲ್ಲ, ನಾಲ್ಕು ಪ್ರಕಾರ. ಅವುಗಳಲ್ಲಿ ಯಾವುದೇ ಎರಡನ್ನು ತೆಗೆದುಕೊಂಡು ಪ್ರೋಟೀನುಗಳನ್ನು ಹೋಲಿಸಿದರೆ ಸುಮಾರು ಮೂರನೆಯ ಒಂದು ಭಾಗದಷ್ಟು ವ್ಯತ್ಯಾಸ ಕಾಣುತ್ತದೆ. ಆದರೂ ರೋಗಲಕ್ಷಣಗಳಿಂದ ಅವನ್ನು ಬೇರ್ಪಡಿಸಲಾಗದು. ಮಂಗನ ಕಾಯಿಲೆಯ ವೈರಸ್ಸಿಗೆ ಇದಕ್ಕಿಂತ ಹತ್ತಿರದ ದಾಯಾದಿಯೊಂದಿದೆ. ೧೯೯೫ರಲ್ಲಿ ಸೌದಿ ಅರೇಬಿಯದಲ್ಲಿ ಕಂಡುಬಂದ ಅಲ್‌ಖುರ್ಮಾ ವೈರಸ್ಸು ಅದು. ಇವೆರಡರ ಗ್ರಂಥಗಳಲ್ಲಿ ನೂರಕ್ಕೆ ಸುಮಾರು ೮೯ ಅಕ್ಷರಗಳು ಒಂದೇ ಆಗಿವೆ. ಪ್ರೋಟೀನುಗಳಲ್ಲಿ ಹೋಲಿಕೆಯು ನೂರಕ್ಕೆ ಸುಮಾರು ೯೭ರಷ್ಟು.

ಗೋತ್ರವನ್ನು ಹೇಳುವ ಪರೀಕ್ಷೆ

ವೈರಸ್ಸು ದೇಹವನ್ನು ಹೊಕ್ಕ ಕೆಲವು ದಿನಗಳಲ್ಲಿ ರಕ್ತದಲ್ಲಿ ಪ್ರತಿಕಾಯಗಳೆಂಬ ಪ್ರೋಟೀನುಗಳು ಹುಟ್ಟುತ್ತವೆ. ಬೀಗಕ್ಕೆ ಬೀಗದ ಕೈ ಹೊಂದುವಂತೆ ಇವು ವೈರಸ್ಸಿನ ಹೊದಿಕೆಗೆ ಹೊಂದಿಕೊಂಡು ಅಂಟಿಕೊಳ್ಳುತ್ತವೆ. ರೋಗಿಯ ರಕ್ತದಲ್ಲಿ ಯಾವ ವೈರಸ್ಸಿಗೆ ಹೊಂದುವ ಪ್ರತಿಕಾಯವಿದೆಯೆಂದು ನೋಡಿದರೆ ಯಾವ ವೈರಸ್ಸು ಬಂದಿತ್ತೆಂದು ತಿಳಿಯಬೇಕಷ್ಟೆ. ಹಳೆಯ ಪರೀಕ್ಷೆಗಳೆಲ್ಲವೂ ಈ ತತ್ತ್ವವನ್ನೇ ಆಧರಿಸಿದ್ದುವು.

ಅವುಗಳಲ್ಲಿ ಒಂದನ್ನು ನೋಡೋಣ. ಈ ವೈರಸ್ಸುಗಳಿಗೆ, ತಕ್ಕ ಆಮ್ಲೀಯತೆಯ ದ್ರಾವಣದಲ್ಲಿ, ಹೆಬ್ಬಾತಿನ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸಿ ಮುದ್ದೆ ಮಾಡುವ ಗುಣವಿದೆ. ರೋಗಿಯ ಸೀರಮ್ಮನ್ನು ಮೊದಲೇ ಬೆರೆಸಿದರೆ, ಅದರಲ್ಲಿನ ಪ್ರತಿಕಾಯಗಳು ವೈರಸ್ಸನ್ನು ಮುಚ್ಚಿಬಿಡುವುದರಿಂದ ರಕ್ತಕಣಗಳು ಮುದ್ದೆಯಾಗುವುದಿಲ್ಲ. ಸೀರಮ್ಮನ್ನು ಹತ್ತರಷ್ಟು, ಇಪ್ಪತ್ತರಷ್ಟು, ನಲವತ್ತರಷ್ಟು ಹೀಗೆ ಇಮ್ಮಡಿಯಾಗಿ ತೆಳುಮಾಡುತ್ತ ಹೋಗಿ, ಎಲ್ಲಿಯವರೆಗೆ ಈ ತಡೆಯುವ ಶಕ್ತಿ ಉಳಿಯುವುದೆಂದು ನೋಡಿದರೆ ಪ್ರತಿಕಾಯದ ಪ್ರಮಾಣವು ಗೊತ್ತಾಗುತ್ತದೆ. ಕೀಟಗಳಿಂದ ಹರಡುವ ವೈರಸ್ಸುಗಳಿಗೆ ಈ ವಿಧಾನವನ್ನು ೧೯೫೪ರಲ್ಲಿ ಅಳವಡಿಸಿದವರು ಜೋರ್ಡಿ ಕ್ಯಾಸಲ್ಸ್ ಮತ್ತು ಬ್ರೌನ್. ಇದರ ನೆರವಿನಿಂದಲೇ ಆ ವೈರಸ್ಸುಗಳನ್ನು 'ಎ' ಗುಂಪು, 'ಬಿ' ಗುಂಪು ಎಂದು ವಿಂಗಡಿಸಲಾಯಿತು. ನಾವು ಹೇಳುತ್ತಿರುವ ಕುಲವೇ ಆ 'ಬಿ' ಗುಂಪು.

ಆದರೆ ಈ ಪರೀಕ್ಷೆಗೆ ಒಂದು ತೊಡಕಿದೆ. ಗುಂಪನ್ನು ಹೇಳುವುದರಲ್ಲಿ ಅದು ಎಷ್ಟು ಸಮರ್ಥವೋ ಗುಂಪಿನೊಳಗಿನ ವ್ಯಕ್ತಿಯನ್ನು ಹೇಳುವುದರಲ್ಲಿ ಅಷ್ಟೇ ಅಸಮರ್ಥ. ಕಾರಣವಿಷ್ಟೆ: ಹೊದಿಕೆಯ ಪ್ರೋಟೀನಿನಲ್ಲಿ ಕೆಲವು ಭಾಗಗಳು ಕುಲದ ಎಲ್ಲ ಸದಸ್ಯರಲ್ಲಿಯೂ ಹೆಚ್ಚು ಕಡಿಮೆ ಒಂದೇ ಆಗಿವೆ. ವೈರಸ್ಸು ಜೀವಕೋಶದ ಪೊರೆಯೊಡನೆ ಬೆಸೆದುಕೊಳ್ಳಲು ಬಳಸುವ ಪುಟ್ಟ ಕುಣಿಕೆಯಂತಹ ಭಾಗ ಇವುಗಳಲ್ಲಿ ಮುಖ್ಯವಾದುದು. ಅದು ಬದಲಾದರೆ ವೈರಸ್ಸಿಗೆ ಜೀವಕೋಶದೊಳಕ್ಕೆ ದಾರಿಯೇ ಇಲ್ಲ. ಆದುದರಿಂದ ಯುಗಯುಗಗಳಿಂದಲೂ ಅದು ಬದಲಾಗದೆ ಉಳಿದಿದೆ. ರೋಗಿಯ ದೇಹದಲ್ಲಿ ಹುಟ್ಟುವ ಪ್ರತಿಕಾಯಗಳಲ್ಲಿ ಅನೇಕವು ಇಂತಹ ಸಾಮಾನ್ಯ ಭಾಗಗಳಿಗೆ ಅಂಟುವಂಥವೇ. ಪರಸ್ಥಳದವನೊಬ್ಬನನ್ನು ಗೋತ್ರ ಕೇಳಿದಂತಾಯಿತು ಇದು. ಗೋತ್ರದಿಂದ ಮನೆತನವು ತಿಳಿಯಬಹುದೇ ಹೊರತು ಮುಂದೆ ನಿಂತಿರುವವನು ಅಣ್ಣನೋ ತಮ್ಮನೋ ದಾಯಾದಿಯೋ ತಿಳಿಯುವುದಿಲ್ಲ.

ವ್ಯಕ್ತಿಯನ್ನೇ ಗುರುತಿಸಬೇಕಾದರೆ ಇದಕ್ಕಿಂತ ಸೂಕ್ಷ್ಮವಾದ ತಟಸ್ಥೀಕರಣ ಪರೀಕ್ಷೆಯನ್ನು ಮಾಡಬೇಕು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಹಾಸಿನ ಮೇಲೆ ಜೀವಂತ ವೈರಸ್ಸನ್ನು ಸುರಿದರೆ, ಕಣವೊಂದು ಬಿದ್ದೆಡೆಯಲ್ಲೆಲ್ಲ ಕೋಶಗಳು ಸತ್ತು ಚುಕ್ಕೆಗಳು ಮೂಡುತ್ತವೆ. ಸೀರಮ್ಮು ಈ ಚುಕ್ಕೆಗಳ ಸಂಖ್ಯೆಯನ್ನು ಎಷ್ಟರಮಟ್ಟಿಗೆ ತಗ್ಗಿಸುವುದೆಂದು ಬೇರೆಬೇರೆ ವೈರಸ್ಸುಗಳಿಗೆ ಎಣಿಸಿ ನೋಡುತ್ತಾರೆ. ಒಂದು ವೈರಸ್ಸಿನ ವಿರುದ್ಧ ಕಂಡುಬಂದ ಶಕ್ತಿಯು ಮತ್ತೊಂದರ ವಿರುದ್ಧ ಕಂಡುದಕ್ಕಿಂತ ಕನಿಷ್ಠ ನಾಲ್ಮಡಿಯಾದರೆ ಮೊದಲನೆಯದೇ ಕಾರಣವೆಂದು ಸಾಮಾನ್ಯವಾಗಿ ತೀರ್ಮಾನಿಸುತ್ತಾರೆ. ಇದು ನಂಬಲರ್ಹವಾದ ಪರೀಕ್ಷೆ. ಆದರೆ ದಿನಗಟ್ಟಲೆ ಕಾಯಬೇಕು, ಅಪಾಯಕಾರಿಯಾದ ಜೀವಂತ ವೈರಸ್ಸನ್ನು ಬಳಸಬೇಕು, ಅದಕ್ಕೆ ತಕ್ಕ ಭದ್ರವಾದ ಪ್ರಯೋಗಾಲಯವೂ ಬೇಕು.

ಬಂಧುತ್ವ ಬೇರೆ, ಅಭಿನ್ನತೆ ಬೇರೆ ಎಂಬ ಪಾಠವನ್ನು ಮಲೆನಾಡು ಮೊದಲೇ ಕಲಿಸಿತ್ತು. ಮಂಗನ ಕಾಯಿಲೆಯ ವೈರಸ್ಸು ರಷ್ಯದ ವಸಂತ-ಗ್ರೀಷ್ಮ ಮಿದುಳುಜ್ವರದ ವೈರಸ್ಸಿಗೆ ಸಮೀಪದ್ದೆಂದು ತಿಳಿದಮೇಲೆ, ಆ ರಷ್ಯನ್ ವೈರಸ್ಸಿನಿಂದ ತಯಾರಿಸಿದ ಲಸಿಕೆಯನ್ನು ಇಲ್ಲಿನ ಜನರಿಗೆ ಕೊಟ್ಟು ನೋಡಲಾಯಿತು. ಪ್ರಯೋಗಾಲಯದಲ್ಲಿ ಅಷ್ಟೊಂದು ಹೋಲಿಕೆ ತೋರಿದ್ದ ವೈರಸ್ಸಿನ ಲಸಿಕೆಯು ಹಳ್ಳಿಯಲ್ಲಿ ತಕ್ಕ ರಕ್ಷಣೆಯನ್ನು ಕೊಡಲಿಲ್ಲ. ಪ್ರನಾಳದಲ್ಲಿ ಕಾಣುವ ಹೋಲಿಕೆಯನ್ನು ಎಷ್ಟು ನಂಬಬಹುದೆಂಬುದಕ್ಕೆ ಇದೊಂದು ಎಚ್ಚರಿಕೆ.

ಬೇಗನೆ ಬರುವ ಉತ್ತರ, ತಪ್ಪಾಗಬಹುದಾದ ಉತ್ತರ

೧೯೭೧ರಲ್ಲಿ ಸ್ಟಾಕ್‌ಹೋಮಿನ ಎಂಗ್ವಾಲ್ ಮತ್ತು ಪರ್ಲ್‌ಮನ್ ಎಂಬವರು ಎಲೈಸಾ ಎಂಬ ಪರೀಕ್ಷೆಯನ್ನು ಪ್ರಕಟಿಸಿದರು. ಪ್ರತಿಕಾಯಕ್ಕೆ ಒಂದು ಕಿಣ್ವವನ್ನು ಜೋಡಿಸಿ, ಪ್ರತಿಕಾಯವು ಅಂಟಿಕೊಂಡಲ್ಲಿ ಬಣ್ಣ ಮೂಡುವಂತೆ ಮಾಡುವುದೇ ಇದರ ಯುಕ್ತಿ. ಒಂದು ತಟ್ಟೆಯ ೯೬ ಗುಳಿಗಳಲ್ಲಿ ಹತ್ತಾರು ರೋಗಿಗಳ ಸೀರಮ್ಮನ್ನು ಒಟ್ಟಿಗೆ ಪರೀಕ್ಷಿಸಬಹುದು. ಕೆಲವು ಗಂಟೆಗಳಲ್ಲಿ ಉತ್ತರವು ದೊರೆಯುತ್ತದೆ. ಜ್ವರ ಬಂದ ನಾಲ್ಕೈದು ದಿನಗಳ ತರುವಾಯ ಮೊದಲು ಹುಟ್ಟುವ 'ಎಂ' ವರ್ಗದ ಪ್ರತಿಕಾಯವನ್ನು ಹಿಡಿಯುವ ಎಲೈಸಾ ಇಂದು ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಬಳಕೆಯಲ್ಲಿದೆ. ಆದರೆ ವಿಧಾನವು ಹೊಸದಾದರೂ ಸಾಕ್ಷಿಯು ಹಳೆಯದೇ. ಗೋತ್ರದ ತೊಡಕು ಇಲ್ಲಿಯೂ ತಪ್ಪಲಿಲ್ಲ.

ಈ ತೊಡಕು ಜಗತ್ತಿಗೆಲ್ಲ ಅರಿವಾದುದು ಜೀಕಾ ಹಾವಳಿಯ ಕಾಲದಲ್ಲಿ. ೧೯೪೭ರಲ್ಲಿ ಉಗಾಂಡದ ಜೀಕಾ ಕಾಡಿನ ಒಂದು ಮಂಗದಲ್ಲಿ ಮೊದಲು ಕಂಡ ಈ ವೈರಸ್ಸು ೨೦೧೫ರಲ್ಲಿ ಬ್ರೆಜಿಲಿನಲ್ಲಿ ಹರಡಿತು. ದೊಡ್ಡವರಿಗೆ ಅದು ಬಹುಮಟ್ಟಿಗೆ ಸೌಮ್ಯವಾದ ಜ್ವರ. ಗರ್ಭಿಣಿಯರಿಗೆ ತಗುಲಿದರೆ ಮಾತ್ರ ಹುಟ್ಟುವ ಶಿಶುವಿನ ತಲೆಯೂ ಮಿದುಳೂ ಬೆಳೆಯದೆ ಕುಗ್ಗುವ ಅಪಾಯವಿದೆ. ೨೦೧೬ರ ಫೆಬ್ರವರಿ ೧ರಂದು ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಅಂತರರಾಷ್ಟ್ರೀಯ ತುರ್ತುಪರಿಸ್ಥಿತಿಯೆಂದು ಸಾರಿತು. ಜ್ವರ ಬಂದು ಹೋದ ಗರ್ಭಿಣಿಯು ಕೇಳುವ ಪ್ರಶ್ನೆ ಒಂದೇ: ನನಗೆ ಬಂದುದು ಡೆಂಗಿಯೋ ಜೀಕಾವೋ? ಆದರೆ ಆ ಪ್ರದೇಶದ ಬಹುಮಂದಿಗೆ ಹಿಂದೆಯೇ ಡೆಂಗಿ ಬಂದುಹೋಗಿತ್ತು. ಜೀಕಾ ತಗುಲಿದಾಗ, ಹಳೆಯ ನೆನಪನ್ನು ಉಳಿಸಿಕೊಂಡಿದ್ದ ಅವರ ದೇಹವು ಡೆಂಗಿಗೆ ಹೊಂದುವ ಪ್ರತಿಕಾಯಗಳನ್ನೇ ಮೊದಲು ಮತ್ತು ಹೇರಳವಾಗಿ ತಯಾರಿಸುತ್ತಿತ್ತು. ಪರೀಕ್ಷೆಯು ಎರಡಕ್ಕೂ 'ಹೌದು' ಎನ್ನುತ್ತಿತ್ತು.

ಇಂತಹ ಪರೀಕ್ಷೆಯ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬಹುದು? ಒಂದು ಕಲ್ಪಿತ ಲೆಕ್ಕವನ್ನು ಮಾಡೋಣ. ಜ್ವರದಿಂದ ಬಂದ ೧,೦೦೦ ಜನರಲ್ಲಿ ೩೦೦ ಮಂದಿಗೆ ಡೆಂಗಿ, ೧೦ ಮಂದಿಗೆ ಜೀಕಾ ಇದೆಯೆಂದು ಇಟ್ಟುಕೊಳ್ಳೋಣ. ಜೀಕಾದ ಪರೀಕ್ಷೆಯು ಆ ಹತ್ತರಲ್ಲಿ ೯ನ್ನು ಹಿಡಿಯುತ್ತದೆ. ಆದರೆ ಡೆಂಗಿಯವರಲ್ಲಿಯೂ ನೂರಕ್ಕೆ ೨೦ರಂತೆ ತಪ್ಪಾಗಿ 'ಜೀಕಾ' ಎನ್ನುತ್ತದೆ. ಅಂದರೆ ತಪ್ಪು ಉತ್ತರಗಳು ೬೦. ಹೀಗೆ 'ಜೀಕಾ ಇದೆ' ಎಂದು ಹೇಳಿಸಿಕೊಂಡ ೬೯ ಮಂದಿಯಲ್ಲಿ ನಿಜವಾಗಿ ಇರುವುದು ೯ ಮಂದಿಗೆ ಮಾತ್ರ. ಸುಮಾರು ಎಂಟರಲ್ಲಿ ಒಬ್ಬರಿಗೆ. ಹತ್ತರಲ್ಲಿ ಒಂಬತ್ತನ್ನು ಹಿಡಿಯುವ ಪರೀಕ್ಷೆಯೂ, ದಾಯಾದಿಯನ್ನು ಕಂಡು ಭ್ರಮೆಗೊಳ್ಳುವುದಾದರೆ, ಹೀಗೆ ನಿರುಪಯುಕ್ತವಾಗಬಲ್ಲುದು. ವಿದ್ಯಾರ್ಥಿಗಳು ಈ ಸಂಖ್ಯೆಗಳನ್ನು ಬದಲಾಯಿಸಿ ತಾವೇ ಲೆಕ್ಕಮಾಡಿ ನೋಡಬೇಕು.

ಡೆಂಗಿಯಲ್ಲಿ ಈ ಪ್ರಶ್ನೆಗೆ ಮತ್ತೊಂದು ಮುಖವಿದೆ. ಒಂದು ಪ್ರಕಾರದ ಡೆಂಗಿ ಬಂದುಹೋದವನಿಗೆ ಮತ್ತೊಂದು ಪ್ರಕಾರವು ತಗುಲಿದಾಗ ರೋಗವು ಉಲ್ಬಣಿಸುವ ಸಂಭವವು ಹೆಚ್ಚು. ಅರೆಬರೆಯಾಗಿ ಅಂಟುವ ಹಳೆಯ ಪ್ರತಿಕಾಯಗಳು ವೈರಸ್ಸನ್ನು ಕೊಲ್ಲುವ ಬದಲು ಕೋಶದೊಳಕ್ಕೆ ಹೊತ್ತೊಯ್ಯುತ್ತವೆ. ಫಿಲಿಪೀನ್ಸ್ ದೇಶದಲ್ಲಿ ೨೦೧೬ರಿಂದ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಡೆಂಗಿಯ ಲಸಿಕೆಯೊಂದನ್ನು ಹಾಕಿದ ಮೇಲೆ, ಹಿಂದೆ ಡೆಂಗಿ ಬಾರದಿದ್ದವರಿಗೆ ಆ ಲಸಿಕೆಯೇ ಮೊದಲ ಸೋಂಕಿನಂತೆ ವರ್ತಿಸಬಹುದೆಂದು ೨೦೧೭ರ ನವೆಂಬರಿನಲ್ಲಿ ಬಯಲಾಯಿತು. ಅಂದಿನಿಂದ ಆ ಲಸಿಕೆಗೆ ಮುನ್ನ, ಡೆಂಗಿ ಹಿಂದೆ ಬಂದಿತ್ತೇ ಇಲ್ಲವೇ ಎಂದು ಪರೀಕ್ಷಿಸುವುದು ಅಗತ್ಯವೆನಿಸಿತು. ಜೀಕಾದ ಪ್ರತಿಕಾಯವನ್ನು ಡೆಂಗಿಯದೆಂದು ತಪ್ಪು ತಿಳಿಯುವ ಪರೀಕ್ಷೆಯಿಂದ ಇಲ್ಲಿ ಎಂತಹ ಹಾನಿಯಾಗಬಹುದೆಂಬುದನ್ನು ವಾಚಕರೇ ಊಹಿಸಬಹುದು.

ಗ್ರಂಥವನ್ನೇ ಓದುವ ಪರೀಕ್ಷೆ

ಸಾಕ್ಷಿಯ ಮಾತನ್ನು ಬಿಟ್ಟು ವೈರಸ್ಸಿನ ಗ್ರಂಥವನ್ನೇ ಓದಿದರೆ ಹೇಗೆ? ಆದರೆ ಒಂದು ತೊಟ್ಟು ರಕ್ತದಲ್ಲಿರುವ ವೈರಸ್ಸಿನ ಪ್ರತಿಗಳು ನೇರವಾಗಿ ಅಳೆಯಲಾರದಷ್ಟು ಕಡಿಮೆ. ೧೯೮೩ರಲ್ಲಿ ಕ್ಯಾರಿ ಮಲ್ಲಿಸ್ ಅವರಿಗೆ ಹೊಳೆದ ಪಿ.ಸಿ.ಆರ್. ವಿಧಾನವು ಈ ಕಷ್ಟವನ್ನು ನಿವಾರಿಸಿತು.

ಇದಕ್ಕೆ ಮೊದಲು ವೈರಸ್ಸಿನ ಆರ್.ಎನ್.ಎ.ಯನ್ನು ಡಿ.ಎನ್.ಎ.ಯಾಗಿ ನಕಲು ಮಾಡಬೇಕು. ೧೯೭೦ರಲ್ಲಿ ಟೆಮಿನ್ ಮತ್ತು ಬಾಲ್ಟಿಮೋರ್ ಅವರು ಪ್ರತ್ಯೇಕವಾಗಿ ಕಂಡುಹಿಡಿದ ಕಿಣ್ವವೊಂದು ಈ ಕೆಲಸವನ್ನು ಮಾಡುತ್ತದೆ. ಅನಂತರ ಮಿಶ್ರಣವನ್ನು ಮೂರು ಉಷ್ಣತೆಗಳಲ್ಲಿ ಆವರ್ತಿಸುತ್ತಾರೆ. ಸುಮಾರು ೯೫ ಡಿಗ್ರಿ ಸೆಂಟಿಗ್ರೇಡಿನಲ್ಲಿ ಡಿ.ಎನ್.ಎ.ಯ ಎರಡು ಎಳೆಗಳು ಬಿಚ್ಚಿಕೊಳ್ಳುತ್ತವೆ. ಸುಮಾರು ೬೦ ಡಿಗ್ರಿಯಲ್ಲಿ ಪ್ರೈಮರುಗಳೆಂಬ ಇಪ್ಪತ್ತು ಅಕ್ಷರಗಳಷ್ಟು ಉದ್ದದ ಚೂರುಗಳು ತಮಗೆ ಹೊಂದುವ ಸ್ಥಳವನ್ನು ಹುಡುಕಿ ಅಂಟಿಕೊಳ್ಳುತ್ತವೆ. ಸುಮಾರು ೭೨ ಡಿಗ್ರಿಯಲ್ಲಿ ಕಿಣ್ವವು ಅಲ್ಲಿಂದ ಮುಂದಕ್ಕೆ ಹೊಸ ಎಳೆಯನ್ನು ಹೆಣೆಯುತ್ತದೆ. ಇಷ್ಟು ಕಾವನ್ನು ತಾಳುವ ಈ ಕಿಣ್ವವು ದೊರೆತುದು ಅಮೆರಿಕದ ಯೆಲ್ಲೊಸ್ಟೋನ್ ಪ್ರದೇಶದ ಬಿಸಿನೀರಿನ ಬುಗ್ಗೆಗಳಲ್ಲಿ ವಾಸಿಸುವ ಒಂದು ಬ್ಯಾಕ್ಟೀರಿಯದಿಂದ. ಪ್ರತಿ ಆವರ್ತಕ್ಕೂ ಪ್ರತಿಗಳು ಇಮ್ಮಡಿಸುತ್ತವೆ. ಒಂದು ಪ್ರತಿಯು ೧೦ ಆವರ್ತಗಳಲ್ಲಿ ೧,೦೨೪, ೨೦ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು, ೩೦ರಲ್ಲಿ ೧೦೭ ಕೋಟಿಯಾಗುತ್ತದೆ. ಚದುರಂಗದ ಮನೆಗಳಲ್ಲಿ ಧಾನ್ಯವನ್ನು ಇಮ್ಮಡಿಸಿದ ಹಳೆಯ ಕಥೆಯನ್ನು ಕೇಳಿದವರಿಗೆ ಇದು ಆಶ್ಚರ್ಯವಲ್ಲ.

ದಾಯಾದಿಗಳನ್ನು ಬೇರ್ಪಡಿಸುವ ಗುಟ್ಟು ಪ್ರೈಮರುಗಳ ಆಯ್ಕೆಯಲ್ಲಿದೆ. ಅಕ್ಷರಗಳು ಜೋಡಿಯಾಗುವುದು ಹೈಡ್ರೊಜನ್ ಬಂಧಗಳಿಂದ. ಒಂದು ಬಗೆಯ ಜೋಡಿಗೆ ಎರಡು, ಇನ್ನೊಂದು ಬಗೆಯದಕ್ಕೆ ಮೂರು ಬಂಧಗಳು. ಅಕ್ಷರಗಳು ಹೊಂದದಿದ್ದೆಡೆ ಬಂಧವು ಸಡಿಲಗೊಂಡು, ೬೦ ಡಿಗ್ರಿಯ ಉಷ್ಣಚಲನೆಯ ತಾಡನಕ್ಕೆ ಪ್ರೈಮರು ಕಳಚಿ ಬೀಳುತ್ತದೆ. ಆದುದರಿಂದ ಎಲ್ಲ ಬಂಧುಗಳಲ್ಲಿಯೂ ಒಂದೇ ಆಗಿರುವ ಭಾಗಕ್ಕೆ ಪ್ರೈಮರನ್ನು ರಚಿಸಿದರೆ ಇಡೀ ಮನೆತನವನ್ನು ಹಿಡಿಯಬಹುದು. ಒಂದರಲ್ಲಿ ಮಾತ್ರ ಇರುವ ಭಾಗಕ್ಕೆ ರಚಿಸಿದರೆ ಆ ಒಂದನ್ನೇ ಹಿಡಿಯಬಹುದು.

೧೯೯೨ರಲ್ಲಿ ಲ್ಯಾನ್ಸಿಯಾಟಿ ಮತ್ತು ಸಂಗಡಿಗರು ಪ್ರಕಟಿಸಿದ ಡೆಂಗಿಯ ಪರೀಕ್ಷೆಯು ಇದಕ್ಕೆ ಸೊಗಸಾದ ಉದಾಹರಣೆ. ಮೊದಲ ಸುತ್ತಿನಲ್ಲಿ ಡೆಂಗಿಯ ನಾಲ್ಕೂ ಪ್ರಕಾರಗಳಿಗೆ ಹೊಂದುವ ಒಂದು ಜೊತೆ ಪ್ರೈಮರುಗಳು. ಯಾವ ಡೆಂಗಿಯೇ ಇರಲಿ, ೫೧೧ ಅಕ್ಷರಗಳ ಒಂದು ತುಂಡು ದೊರೆಯುತ್ತದೆ. ಎರಡನೆಯ ಸುತ್ತಿನಲ್ಲಿ ಒಂದು ತುದಿಯ ಪ್ರೈಮರು ಅದೇ. ಇನ್ನೊಂದು ಕಡೆಗೆ ನಾಲ್ಕು ಪ್ರಕಾರಗಳಿಗೆ ನಾಲ್ಕು ಬೇರೆ ಪ್ರೈಮರುಗಳು, ಅವೂ ಬೇರೆಬೇರೆ ದೂರಗಳಲ್ಲಿ. ಇದರ ಫಲವಾಗಿ ಒಂದನೆಯ ಪ್ರಕಾರವಿದ್ದರೆ ೪೮೨, ಎರಡನೆಯದಿದ್ದರೆ ೧೧೯, ಮೂರನೆಯದಿದ್ದರೆ ೨೯೦, ನಾಲ್ಕನೆಯದಿದ್ದರೆ ೩೯೨ ಅಕ್ಷರಗಳ ತುಂಡು ಉಂಟಾಗುತ್ತದೆ. ಡಿ.ಎನ್.ಎ.ಗೆ ಋಣ ವಿದ್ಯುದಂಶವಿರುವುದರಿಂದ, ಮೆತ್ತನೆಯ ಜೆಲ್ಲಿನಲ್ಲಿ ವಿದ್ಯುತ್ತನ್ನು ಹಾಯಿಸಿದಾಗ ತುಂಡುಗಳು ಧನಧ್ರುವದತ್ತ ಸಾಗುತ್ತವೆ. ಚಿಕ್ಕವು ಮುಂದೆ, ದೊಡ್ಡವು ಹಿಂದೆ. ತುಂಡು ನಿಂತ ಸ್ಥಳವೇ ಪ್ರಕಾರದ ಹೆಸರನ್ನು ಹೇಳುತ್ತದೆ. ಪ್ರಯೋಗಾಲಯವು ಇಲ್ಲಿ ಅಳೆಯುವುದು ಕೇವಲ ಉದ್ದವನ್ನು, ಅದೂ ಅಳತೆಪಟ್ಟಿಯ ಮೇಲೆ ನೋಡಿದಂತೆ.

ಬೆಳಕಿನ ಸಾಕ್ಷ್ಯ

ಜೆಲ್ಲನ್ನೂ ಬಿಟ್ಟು, ಪ್ರನಾಳವನ್ನು ತೆರೆಯದೆಯೇ ಉತ್ತರವನ್ನು ತಿಳಿಯುವ ವಿಧಾನವು ಇದರ ಬೆನ್ನಿಗೇ ಬಂದಿತು. ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಈ ಭಾಗವು ವಿಶೇಷವಾಗಿ ಪ್ರಿಯವಾದುದು.

ಎರಡು ಪ್ರೈಮರುಗಳ ನಡುವಿನ ಸ್ಥಳಕ್ಕೆ ಹೊಂದುವ ಮೂರನೆಯ ಚೂರೊಂದನ್ನು ಮಿಶ್ರಣಕ್ಕೆ ಸೇರಿಸುತ್ತಾರೆ. ಇದನ್ನು ಶೋಧಕವೆನ್ನೋಣ. ಇದರ ಒಂದು ತುದಿಯಲ್ಲಿ ಪ್ರತಿದೀಪ್ತಿಯನ್ನು ಬೀರುವ ವರ್ಣಕ, ಇನ್ನೊಂದು ತುದಿಯಲ್ಲಿ ಆ ಬೆಳಕನ್ನು ನುಂಗುವ ಶಾಮಕ. ಎರಡೂ ಹತ್ತಿರವಿರುವವರೆಗೆ ವರ್ಣಕವು ಹೀರಿದ ಶಕ್ತಿಯು ಬೆಳಕಾಗಿ ಹೊರಬೀಳದೆ ಶಾಮಕಕ್ಕೆ ವರ್ಗವಾಗುತ್ತದೆ. ಜರ್ಮನಿಯ ಫಾರ್‌ಸ್ಟರ್ ಅವರು ವಿವರಿಸಿದ ಈ ವರ್ಗಾವಣೆಯು ದೂರದ ಆರನೆಯ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ. ಸುಮಾರು ೫ ನ್ಯಾನೋಮೀಟರು ದೂರದಲ್ಲಿ ಶಕ್ತಿಯ ಅರ್ಧವು ವರ್ಗವಾಗುವುದಾದರೆ, ೧೦ ನ್ಯಾನೋಮೀಟರಿನಲ್ಲಿ ವರ್ಗವಾಗುವುದು ೬೫ರಲ್ಲಿ ಒಂದು ಭಾಗ ಮಾತ್ರ. ದೂರವು ಇಮ್ಮಡಿಸಿತೆಂದರೆ ಬೆಳಕು ಬಿಡುಗಡೆಯಾಯಿತೆಂದೇ ಅರ್ಥ.

ಶೋಧಕವು ತನಗೆ ಹೊಂದುವ ವೈರಸ್ಸಿನ ಮೇಲೆ ಕುಳಿತಾಗ, ಎಳೆಯನ್ನು ಹೆಣೆಯುತ್ತ ಬರುವ ಕಿಣ್ವವು ದಾರಿಗೆ ಅಡ್ಡವಾದ ಅದನ್ನು ತುಂಡರಿಸಿಬಿಡುತ್ತದೆ. ವರ್ಣಕವು ಶಾಮಕದಿಂದ ದೂರ ಸರಿದು ಹೊಳೆಯತೊಡಗುತ್ತದೆ. ಪ್ರತಿ ಆವರ್ತದಲ್ಲಿಯೂ ಹೊಳಪು ಹೆಚ್ಚುತ್ತದೆ. ಯಂತ್ರವು ಅದನ್ನು ಅಳೆಯುತ್ತ ಹೋಗುತ್ತದೆ. ಹೊಳಪು ಎಷ್ಟನೆಯ ಆವರ್ತದಲ್ಲಿ ಗೆರೆಯನ್ನು ದಾಟಿತೆಂಬುದರಿಂದ ವೈರಸ್ಸಿನ ಪ್ರಮಾಣವೂ ತಿಳಿಯುತ್ತದೆ. ಹತ್ತುಮಡಿ ಹೆಚ್ಚು ವೈರಸ್ಸಿದ್ದರೆ ಸುಮಾರು ೩.೩ ಆವರ್ತಗಳಷ್ಟು ಬೇಗ ದಾಟುತ್ತದೆ. ಎರಡರ ಯಾವ ಘಾತವು ಹತ್ತಾಗುವುದೆಂದು ಲಾಗರಿದಮ್ ಕೋಷ್ಟಕವನ್ನು ನೋಡಿದವರಿಗೆ ಈ ಸಂಖ್ಯೆಯು ಎಲ್ಲಿಂದ ಬಂದಿತೆಂಬುದು ಹೊಳೆಯುತ್ತದೆ.

ಇಲ್ಲಿ ಹೊಂದಿಕೆಯ ತಪಾಸಣೆಯು ಮೂರು ಬಾರಿ ನಡೆಯುತ್ತದೆಂಬುದನ್ನು ಗಮನಿಸಬೇಕು: ಎರಡು ಪ್ರೈಮರುಗಳು, ಒಂದು ಶೋಧಕ. ಅಲ್ಲದೆ ಬೇರೆಬೇರೆ ಶೋಧಕಗಳಿಗೆ ಬೇರೆಬೇರೆ ಬಣ್ಣದ ವರ್ಣಕಗಳನ್ನು ಜೋಡಿಸಿದರೆ ಒಂದೇ ಪ್ರನಾಳದಲ್ಲಿ ಹಲವು ವೈರಸ್ಸುಗಳನ್ನು ಒಟ್ಟಿಗೆ ಹುಡುಕಬಹುದು. ೨೦೧೬ರಲ್ಲಿ ಅಮೆರಿಕದ ರೋಗನಿಯಂತ್ರಣ ಕೇಂದ್ರವು ಬಳಕೆಗೆ ತಂದ ಪರೀಕ್ಷೆಯೊಂದು ಡೆಂಗಿ, ಚಿಕುನ್‌ಗುನ್ಯ ಮತ್ತು ಜೀಕಾಗಳನ್ನು ಹೀಗೆಯೇ ಏಕಕಾಲದಲ್ಲಿ ಬೇರ್ಪಡಿಸುತ್ತದೆ. ಮಂಗನ ಕಾಯಿಲೆಗೂ ಇಂತಹ ಪರೀಕ್ಷೆಯುಂಟು. ವೈರಸ್ ಸಂಶೋಧನಾ ಕೇಂದ್ರವೇ ೧೯೭೮ರಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆಯಾಯಿತಷ್ಟೆ. ಆ ಸಂಸ್ಥೆಯ ವಿಜ್ಞಾನಿಗಳು ೨೦೧೨ರಲ್ಲಿ ಇದನ್ನು ಪ್ರಕಟಿಸಿದರು. ಇಲಿಮರಿಗಳಿಗೆ ಚುಚ್ಚಿ ದಿನಗಟ್ಟಲೆ ಕಾಯುತ್ತಿದ್ದ ಕೆಲಸವು ಈಗ ಕೆಲವು ಗಂಟೆಗಳಲ್ಲಿ, ಜೀವಂತ ವೈರಸ್ಸನ್ನು ಬೆಳೆಸದೆಯೇ, ಮುಗಿಯುತ್ತದೆ.

ಕಾಲು ಗಂಟೆಯ ಪಟ್ಟಿ

ಯಂತ್ರವೇ ಇಲ್ಲದ ಕಡೆ ಏನು ಮಾಡಬೇಕು? ಸೋಂಕಿದ ಕೋಶಗಳು ಎನ್‌ಎಸ್ ೧ ಎಂಬ ಪ್ರೋಟೀನನ್ನು ರಕ್ತಕ್ಕೆ ಸುರಿಸುತ್ತವೆ. ಡೆಂಗಿಯಲ್ಲಿ ಇದು ಜ್ವರದ ಮೊದಲ ದಿನದಿಂದಲೇ ಕಾಣಸಿಗುತ್ತದೆ. ಒಂದು ಕಾಗದದ ಪಟ್ಟಿಯ ಮೇಲೆ ರಕ್ತದ ತೊಟ್ಟನ್ನು ಹಾಕಿದರೆ, ಚಿನ್ನದ ಅತಿಸೂಕ್ಷ್ಮ ಕಣಗಳಿಗೆ ಅಂಟಿಸಿದ ಪ್ರತಿಕಾಯಗಳು ಈ ಪ್ರೋಟೀನನ್ನು ಹಿಡಿದು ಒಂದು ಗೆರೆಯಲ್ಲಿ ಶೇಖರವಾಗುತ್ತವೆ. ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಕೆಂಪು ಗೆರೆ ಮೂಡುತ್ತದೆ. ಹಳದಿಯ ಚಿನ್ನವು ಕೆಂಪಾಗಿ ಕಾಣುವುದೇಕೆ? ಕಣವು ಕೆಲವು ಹತ್ತು ನ್ಯಾನೋಮೀಟರುಗಳಷ್ಟು ಚಿಕ್ಕದಾದಾಗ ಅದರ ಎಲೆಕ್ಟ್ರಾನುಗಳು ಬೆಳಕಿನೊಡ್ಡನೆ ಒಟ್ಟಾಗಿ ತೂಗಿ ಹಸುರು ಬೆಳಕನ್ನು ಹೀರಿಕೊಳ್ಳುವುದರಿಂದ. ಇಲ್ಲಿ ದಾಯಾದಿಗಳ ಗೊಂದಲವನ್ನು ತಗ್ಗಿಸುವ ಉಪಾಯವೂ ಒಂದುಂಟು. ೧೯೭೫ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಅವರು ತೋರಿಸಿಕೊಟ್ಟ ವಿಧಾನದಿಂದ ಒಂದೇ ಅಚ್ಚಿನ ಪ್ರತಿಕಾಯಗಳನ್ನು ತಯಾರಿಸಿ, ಅವುಗಳಲ್ಲಿ ದಾಯಾದಿಗಳಿಗೆ ಅಂಟುವುದನ್ನೆಲ್ಲ ತೆಗೆದುಹಾಕಿ, ಒಂದಕ್ಕೆ ಮಾತ್ರ ಅಂಟುವುದನ್ನು ಆರಿಸಿಕೊಳ್ಳುತ್ತಾರೆ.

ದಿನದ ಲೆಕ್ಕ

ಇಷ್ಟೆಲ್ಲ ಇದ್ದರೂ, ತಪ್ಪು ದಿನದಲ್ಲಿ ಮಾಡಿದ ಒಳ್ಳೆಯ ಪರೀಕ್ಷೆಯು ತಪ್ಪು ಉತ್ತರವನ್ನೇ ಕೊಡುತ್ತದೆ. ಡೆಂಗಿಯಲ್ಲಿ ವೈರಸ್ಸು ರಕ್ತದಲ್ಲಿರುವುದು ಬಹುಮಟ್ಟಿಗೆ ಮೊದಲ ಐದು ದಿನಗಳು. ಆ ದಿನಗಳಲ್ಲಿ ಪಿ.ಸಿ.ಆರ್. ಮತ್ತು ಎನ್‌ಎಸ್ ೧ ಪರೀಕ್ಷೆಗಳು ನಂಬಲರ್ಹ. ಎಲೈಸಾ ಆಗ ಮೌನವಾಗಿರುತ್ತದೆ. ಐದು ದಿನಗಳು ಕಳೆದಮೇಲೆ ಎಲೈಸಾ ಮಾತನಾಡುತ್ತದೆ, ಪಿ.ಸಿ.ಆರ್. ಮೌನವಾಗುತ್ತದೆ. ಎಂಟನೆಯ ದಿನ ಬಂದ ರೋಗಿಯಲ್ಲಿ ಪಿ.ಸಿ.ಆರ್. 'ಇಲ್ಲ' ಎಂದರೆ ರೋಗವಿಲ್ಲವೆಂದಲ್ಲ, ವೈರಸ್ಸು ರಕ್ತದಿಂದ ಹೋಯಿತೆಂದೂ ಇರಬಹುದು. ಆದುದರಿಂದ 'ಜ್ವರ ಯಾವ ದಿನ ಮೊದಲಾಯಿತು?' ಎಂದು ವೈದ್ಯರು ಕೇಳುವ ಪ್ರಶ್ನೆಗೆ ಸರಿಯಾದ ಉತ್ತರವನ್ನು ಕೊಡುವುದೂ ಪರೀಕ್ಷೆಯ ಒಂದು ಭಾಗವೇ.

ಎರಡನೆಯ ಮಿತಿಯು ವೈರಸ್ಸಿನ ಸ್ವಭಾವದಿಂದಲೇ ಬಂದುದು. ಆರ್.ಎನ್.ಎ. ವೈರಸ್ಸುಗಳು ತಮ್ಮ ಗ್ರಂಥವನ್ನು ನಕಲು ಮಾಡುವಾಗ ಆಗಾಗ ತಪ್ಪುತ್ತವೆ. ಆ ತಪ್ಪು ಪ್ರೈಮರು ಕೂರುವ ಸ್ಥಳದಲ್ಲಿಯೇ ಆದರೆ ಪರೀಕ್ಷೆಯು ವೈರಸ್ಸನ್ನು ಕಾಣದೆ ಹೋಗಬಹುದು. ಮೂರನೆಯದು, ನಾವು ಹುಡುಕಿದುದು ಮಾತ್ರ ನಮಗೆ ಸಿಕ್ಕುತ್ತದೆ. ಡೆಂಗಿಯ ಶೋಧಕವನ್ನು ಮಾತ್ರ ಹಾಕಿದವರಿಗೆ ಜೀಕಾ ಕಾಣುವುದಿಲ್ಲ. ೨೦೨೨ರ ಡಿಸೆಂಬರಿನಲ್ಲಿ ರಾಯಚೂರು ಜಿಲ್ಲೆಯಲ್ಲಿ ಕರ್ನಾಟಕದ ಮೊದಲ ಜೀಕಾ ಪ್ರಕರಣವು ಪುಣೆಯ ಸಂಸ್ಥೆಯ ಪರೀಕ್ಷೆಯಿಂದ ದೃಢಪಟ್ಟಿತು. ಇದು ಜೀಕಾವನ್ನೂ ಹುಡುಕಿದುದರ ಫಲ. ಈ ದೃಷ್ಟಿಯಿಂದ ಗೋತ್ರವನ್ನು ಹೇಳುವ ಹಳೆಯ ಪರೀಕ್ಷೆಯೂ ವ್ಯರ್ಥವಲ್ಲ. ೧೯೫೭ರಲ್ಲಿ ಯಾರೂ ಕಂಡರಿಯದ ವೈರಸ್ಸಿಗೆ ಯಾವ ಪ್ರೈಮರನ್ನು ತಾನೆ ರಚಿಸಲು ಸಾಧ್ಯವಿತ್ತು? ಮನೆತನವನ್ನು ಹೇಳಿದ ಆ ಮಂದಗತಿಯ ಪರೀಕ್ಷೆಯೇ ಅಂದು ದಾರಿಯನ್ನು ತೋರಿಸಿದುದು.

ಒಟ್ಟಿನಲ್ಲಿ, ಹತ್ತಿರದ ಬಂಧುಗಳನ್ನು ಬೇರ್ಪಡಿಸುವ ವಿದ್ಯೆಯೆಂದರೆ ಅವರು ಭಿನ್ನರಾಗಿರುವ ಸ್ಥಳವನ್ನು ಮೊದಲು ತಿಳಿದು, ಅಲ್ಲಿಯೇ, ತಕ್ಕ ದಿನದಲ್ಲಿ, ಪ್ರಶ್ನೆಯನ್ನು ಕೇಳುವುದು. ಇಂದಿಗೂ ಡಿಸೆಂಬರಿನಿಂದ ಮೇ ತಿಂಗಳವರೆಗೆ ಮಲೆನಾಡಿನಲ್ಲಿ ತರಗೆಲೆ ಸೌದೆಗಳಿಗಾಗಿ ಕಾಡಿಗೆ ಹೋದವರು ಜ್ವರದಿಂದ ಮಲಗುವುದುಂಟು. ಆ ಜ್ವರವು ಡೆಂಗಿಯಾದರೆ ಮನೆಯ ಸುತ್ತಲಿನ ನೀರಿನ ತೊಟ್ಟಿಗಳನ್ನು ನೋಡಬೇಕು; ಮಂಗನ ಕಾಯಿಲೆಯಾದರೆ ಊರವರೆಲ್ಲ ಕಾಡಿನ ದಾರಿಯಲ್ಲಿ ಉಣುಗಿನಿಂದ ಎಚ್ಚರವಾಗಿರಬೇಕು. ಒಂದು ಪ್ರನಾಳದಲ್ಲಿ ಮಿನುಗುವ ಮಂದವಾದ ಬೆಳಕು ಈ ಎರಡರಲ್ಲಿ ಯಾವುದೆಂದು ಅದೇ ದಿನ ಹೇಳಬಲ್ಲುದಾದರೆ, ಆ ರೋಗಿಗೆ ಮಾತ್ರವಲ್ಲ, ನಾಳೆ ಅದೇ ದಾರಿಯಲ್ಲಿ ಸೌದೆಗೆ ಹೊರಡುವ ನೆರೆಯವರಿಗೂ ಅದರಿಂದ ರಕ್ಷಣೆಯುಂಟು.